ಪೈಲ್ವಾನನ ಊದಿದ ಕಾಲು

ಶಿಷ್ಯನು ಕೇಳಿದನು: “ಗುರುಗಳೇ, ಒಬ್ಬನ ಮಾನ ಉಳಿಯಲೆಂದು ಅವನ ಗುಟ್ಟನ್ನು ಬಲ್ಲವರು ಬಾಯಿ ಮುಚ್ಚಿಕೊಂಡಿರುವುದು ಸರಿಯಲ್ಲವೇ?”

ಈ ಪ್ರಶ್ನೆಯನ್ನು ಗುರುಗಳು ಎಷ್ಟೋ ಜನರಿಂದ ಕೇಳಿದ್ದರು. ಉತ್ತರವಾಗಿ ಒಂದು ಕಥೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪೈಲ್ವಾನನಿದ್ದ. ಸ್ವಂತ ಗರಡಿ, ಇಪ್ಪತ್ತು ಮಂದಿ ಹುಡುಗರು. ನನ್ನ ಬಲ ಹಾಲು ಬಾದಾಮಿಯದು, ನಿಮ್ಮದು ಬರೀ ಚಹಾದ್ದು ಎಂದು ಅವರನ್ನು ದಿನವೂ ಹಂಗಿಸುತ್ತಿದ್ದ. ಐವತ್ತು ದಾಟಿದ ಮೇಲೆ ಅವನಿಗೆ ಆಯಾಸ ಹತ್ತಿತು. ಗದೆ ಎತ್ತಿದರೆ ಕೈ ನಡುಗುತ್ತಿತ್ತು. ಎಷ್ಟು ಮಲಗಿದರೂ ದಣಿವು ಹೋಗುತ್ತಿರಲಿಲ್ಲ.

ಯಾರಿಗೂ ಹೇಳದೆ ಬೇರೆ ಊರಿನ ವೈದ್ಯರ ಬಳಿಗೆ ಹೋದ. ಅವರು ರಕ್ತ ಪರೀಕ್ಷಿಸಿ, ಗಂಡಸರ ಹಾರ್ಮೋನು ಕಡಿಮೆಯಾಗಿದೆ ಎಂದು ಇಂಜೆಕ್ಷನ್ ಬರೆದುಕೊಟ್ಟರು. ಎಚ್ಚರಿಕೆಯನ್ನೂ ಹೇಳಿದರು: ಇದರಿಂದ ಕೆಲವರಿಗೆ ರಕ್ತ ಮಂದವಾಗುತ್ತದೆ, ಹೆಪ್ಪುಗಟ್ಟಲೂಬಹುದು. ಮೂರು ತಿಂಗಳಿಗೆ ಪರೀಕ್ಷೆಗೆ ಬರಬೇಕು. ಕಾಲು ಊದಿದರೆ ಉಜ್ಜಬಾರದು, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ಪೈಲ್ವಾನನು ಚೀಟಿಯನ್ನು ಕಪಾಟಿನಲ್ಲಿ ಶಾಲಿನ ಕೆಳಗೆ ಬಚ್ಚಿಟ್ಟ. ಶಾಲು ಮಡಿಸುವಾಗ ಅವನ ಹೆಂಡತಿ ಅದನ್ನು ಓದಿದಳು. ಓದಿ, ಇದ್ದ ಹಾಗೆಯೇ ಇಟ್ಟಳು. ತಾನಾಗಿ ಹೇಳಲಿ ಎಂದು ಕಾದಳು.

ಅವನು ಹೇಳಲಿಲ್ಲ. ಬಲ ಮರಳಿತು. ಮೈ ಚೆನ್ನಾಗಿರುವಾಗ ಪರೀಕ್ಷೆ ಯಾಕೆಂದು ಮೂರು ತಿಂಗಳಾದರೂ ಹೋಗಲಿಲ್ಲ. ಐದನೆಯ ತಿಂಗಳಲ್ಲಿ ಎಡಗಾಲ ಮೀನಖಂಡ ಊದಿ ಬಿಸಿಯಾಯಿತು. ಉಳುಕಿರಬೇಕು ಎಂದು ಅವನು ಇಬ್ಬರು ಹುಡುಗರನ್ನು ಕೂರಿಸಿ ಎಣ್ಣೆ ಹಚ್ಚಿಸಿ ತಿಕ್ಕಿಸಿಕೊಂಡ. ಗರಡಿಯಲ್ಲಿ ಎಲ್ಲ ನೋವಿಗೂ ಅದೇ ಮದ್ದು. ಸಾಕು ಬಿಡಿ ಎಂದು ಹೆಂಡತಿ ಎರಡು ಸಲ ಹೇಳಿದಳು. ಏಕೆಂದು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವನಿಗೆ ಉಸಿರು ಹಿಡಿಯತೊಡಗಿತು.

ಆಸ್ಪತ್ರೆಗೆ ಹುಡುಗರೇ ಹೊತ್ತು ತಂದರು; ಹೆಂಡತಿಯೂ ಜೊತೆಗೆ ಬಂದಳು. ಎಲ್ಲರೂ ಮಂಚದ ಸುತ್ತ ನಿಂತರು. ಏನಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಎಂದು ಅಲ್ಲಿನ ವೈದ್ಯರು ಕೇಳಿದರು.

“ಹಾಲು, ಬಾದಾಮಿ. ಬೇರೇನೂ ಇಲ್ಲ,” ಎಂದ ಪೈಲ್ವಾನ. ಹುಡುಗರು ಹೆಮ್ಮೆಯಿಂದ ನಕ್ಕರು.

ಪಟ್ಟು ಹಾಕುವಾಗ ಸ್ನಾಯು ಹರಿದು, ಎದೆಗೂ ಪೆಟ್ಟಾಗಿರಬೇಕೆಂದು ವೈದ್ಯರು ಬರೆದುಕೊಳ್ಳತೊಡಗಿದರು. ಹೆಂಡತಿ ಗಂಡನ ಮುಖ ನೋಡಿದಳು. ಬೇಡವೆಂದು ಅವನು ಕಣ್ಣಿನಲ್ಲೇ ತಡೆದ. ಅವಳಿಗೆ ಗೊತ್ತಿದೆಯೆಂಬುದು ಅವನಿಗೆ ತಿಳಿದದ್ದು ಆಗಲೇ.

“ಐದು ತಿಂಗಳಿಂದ ಗಂಡಸರ ಹಾರ್ಮೋನಿನ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾರೆ,” ಎಂದಳು ಅವಳು. “ರಕ್ತ ಪರೀಕ್ಷೆಗೆ ಹೋಗಿಲ್ಲ. ನಿನ್ನೆ ಕಾಲು ತಿಕ್ಕಿಸಿಕೊಂಡರು.”

ವೈದ್ಯರು ಬರೆಯುವುದನ್ನು ನಿಲ್ಲಿಸಿ ಸ್ಕ್ಯಾನಿಗೆ ಕಳಿಸಿದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಒಂದು ಚೂರು ಶ್ವಾಸಕೋಶಕ್ಕೆ ಹೋಗಿತ್ತು. ಇನ್ನೂ ದೊಡ್ಡದು ಕಾಲಿನಲ್ಲೇ ಉಳಿದಿತ್ತು. ಹೆಪ್ಪು ಬೆಳೆಯದಂತೆ ಕೂಡಲೇ ಔಷಧಿ ಆರಂಭಿಸಿದರು. ಹುಡುಗರು ನೆಲ ನೋಡುತ್ತ ಒಬ್ಬೊಬ್ಬರಾಗಿ ಹೊರಗೆ ಹೋದರು. ಆ ವಾರದಲ್ಲೇ ಗರಡಿ ಅರ್ಧ ಖಾಲಿಯಾಯಿತು. ಬಾದಾಮಿಯ ಮಾತು ಊರಿಗೆಲ್ಲ ನಗೆಯಾಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನು ನೊಂದು ಕೇಳಿದನು: “ಇಷ್ಟು ಜನರ ಮುಂದೆ ಮಾನ ಕಳೆದಳಲ್ಲ, ಗುರುಗಳೇ. ಅವನು ಅವಳನ್ನು ಕ್ಷಮಿಸಿದನೇ?”

“ಇಲ್ಲ,” ಎಂದರು ಗುರುಗಳು, “ಇಂದಿಗೂ ಮೂರು ಹೊತ್ತು ಅವಳು ಬಡಿಸಿದ್ದನ್ನು ಉಂಡು, ಅವಳ ಮೇಲೆ ಮುನಿಸಿಕೊಂಡು ಬದುಕಿದ್ದಾನೆ.”