ಓಬಳೇಶ ಕ್ಯಾಮೆರಾಕ್ಕೆ ಚೀಲ ಆರಿಸಿದ್ದು

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ಹೇಳಿದ ಮಾತನ್ನು ಮಗ ಕೂದಲೆಳೆಯಷ್ಟೂ ಮೀರುತ್ತಿರಲಿಲ್ಲ. ಅದೇ ತಾಯಿಯ ದುಃಖ.

ತಾಯಿ ಕೆಂಚಮ್ಮ, ಹುಣಸೆಹಣ್ಣಿನ ವ್ಯಾಪಾರದವಳು. ಮಗ ಓಬಳೇಶ, ಎತ್ತಿನಂಥ ಆಳು. ಕೊಂಬೆಯ ಮೇಲೆ ಏನೂ ಉಳಿಯಬಾರದು ಎಂದು ಹೇಳಿ ಮರ ಹತ್ತಿಸಿದರೆ ಹಣ್ಣು ಬಡಿಯುತ್ತಿದ್ದ, ಎಲೆ ಬಡಿಯುತ್ತಿದ್ದ, ಕಾಗೆಗೂಡು ಕೆಡವುತ್ತಿದ್ದ, ಕೊನೆಗೆ ತಾನೂ ಕೆಳಕ್ಕೆ ಹಾರಿಬಿಡುತ್ತಿದ್ದ. ನಿನ್ನನ್ನು ಯಾರು ಕೆಲಸಕ್ಕೆ ಇಟ್ಟುಕೊಂಡಾರು ಎಂದು ಅವಳು ದಿನಾ ಕೊರಗುತ್ತಿದ್ದಳು.

ಹೀಗಿರುವಾಗ ತುಮಕೂರಿನಿಂದ ಶಾಹಿದಾ ಎಂಬ ಹೆಂಗಸು ಆ ಊರಿಗೆ ಬಂದಳು. ಹಕ್ಕಿಗಳ ಫೋಟೋ ತೆಗೆಯುವುದು ಅವಳ ಕಸುಬು. ಊರ ಹಿಂದಿನ ಬೋಳುಬೆಟ್ಟದಲ್ಲಿ, ಕಡಿದಾದ ಬಂಡೆಯ ಸಂದಿನಲ್ಲಿ ಹದ್ದೊಂದು ಗೂಡು ಮಾಡಿತ್ತು. ಗೂಡಿನಲ್ಲಿ ಒಂದೇ ಮರಿ. ಅದು ಮೊದಲ ಸಲ ಹಾರುವುದನ್ನು ಫೋಟೋ ತೆಗೆಯಬೇಕೆಂದು ಅವಳ ಆಸೆ. ಕ್ಯಾಮೆರಾ ಭಾರ, ತೋಳುದ್ದದ ಲೆನ್ಸು ಅದಕ್ಕಿಂತ ಭಾರ, ಮೂರು ಕಾಲಿನ ಸ್ಟ್ಯಾಂಡು ಬೇರೆ. ಅವಳಿಗೋ ಮೊಣಕಾಲು ನೋವು. ಓಬಳೇಶನ ಬೆನ್ನು ನೋಡಿದಳು. ಮರಿ ಹಾರುವವರೆಗೂ ಸಾಮಾನು ಸರಿಯಾಗಿ ಹೊತ್ತರೆ ಮುಂದೆ ಯಾವ ಬೆಟ್ಟಕ್ಕೆ ಹೋದರೂ ಇವನನ್ನೇ ಕರೆದೊಯ್ಯುತ್ತೇನೆ ಎಂದಳು.

ಕೆಂಚಮ್ಮ ಮಗನ ಎರಡೂ ಕೈ ಹಿಡಿದುಕೊಂಡಳು. "ಅಕ್ಕ ಹೇಳಿದ ಹಾಗೆ ಮಾಡಪ್ಪ. ನಿನ್ನ ಬುದ್ಧಿ ಮಾತ್ರ ಓಡಿಸಬೇಡ."

ಓಬಳೇಶ ಓಡಿಸಲಿಲ್ಲ.

ಮೊದಲ ದಿನ ಹುಣಸೆಹಣ್ಣಿನ ಗೋಣಿಚೀಲಕ್ಕೆ ಎಲ್ಲವನ್ನೂ ಸುರಿದು ಬೆನ್ನಿಗೆ ಹಾಕಿಕೊಂಡ. ಹೆಜ್ಜೆ ಇಟ್ಟಾಗಲೆಲ್ಲ ಒಳಗೆ ಲಟಪಟ ಎನ್ನುತ್ತಿತ್ತು. ಮೇಲೆ ಹೋಗಿ ನೋಡಿದರೆ ಲೆನ್ಸಿನ ಮುಚ್ಚಳ ಬಿರುಕು ಬಿಟ್ಟಿದೆ, ಸ್ಟ್ಯಾಂಡಿನ ಒಂದು ಕಾಲು ಸೊಟ್ಟಗಾಗಿದೆ. ಶಾಹಿದಾ ಚೆನ್ನಾಗಿ ಬೈದಳು. ಒಂದೊಂದನ್ನೂ ಬೇರೆ ಬೇರೆ ಮೆತ್ತನೆ ಬಟ್ಟೆಯಲ್ಲಿ ಸುತ್ತಬೇಕು, ಅಲುಗಾಡದ ಹಾಗೆ ಬಿಗಿಯಾಗಿ ಕಟ್ಟಬೇಕು ಎಂದಳು.

ಆಗಲಿ ಅಕ್ಕ, ಎಂದ ಓಬಳೇಶ.

ಮರುದಿನ ಸ್ಟ್ಯಾಂಡು ರಿಪೇರಿಗೆ ಹೋಗಿತ್ತು. ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಅವಳೇ ಹತ್ತಿದಳು. ಓಬಳೇಶನಿಗೆ ಬುತ್ತಿ ಹೊರುವುದಷ್ಟೇ ಕೆಲಸ. ಅವನು ಒಂದೊಂದು ಬಿಸಿಮುದ್ದೆಯನ್ನೂ ಅವ್ವನ ಹಳೇ ಸೀರೆಯ ತುಂಡಿನಲ್ಲಿ ಬೇರೆ ಬೇರೆ ಸುತ್ತಿ, ಹುರಿಯಿಂದ ಬಿಗಿದು ತಂದ. ಮಧ್ಯಾಹ್ನ ಬಿಚ್ಚಿದರೆ ಸೀರೆ ಯಾವುದು ಮುದ್ದೆ ಯಾವುದು ತಿಳಿಯಲಿಲ್ಲ. ಬಾಯಿಗೆ ಬಂದ ದಾರವನ್ನು ಎಳೆಯುತ್ತ ಶಾಹಿದಾ ಮತ್ತೆ ಬೈದಳು. ಇಂಥದ್ದಕ್ಕೆ ಗಾಳಿ ಆಡಬೇಕು, ಬುಟ್ಟಿಯಲ್ಲಿ ಬಾಯಿ ತೆರೆದು ಇಡಬೇಕು, ಕೇಳಿದ ತಕ್ಷಣ ಕೈಗೆ ಸಿಗಬೇಕು ಎಂದಳು.

ಓಬಳೇಶನಿಗೆ ಗಲಿಬಿಲಿಯಾಯಿತು. ನಿನ್ನೆ ಸುತ್ತು ಅಂದದ್ದು ಇವಳೇ, ಇವತ್ತು ಸುತ್ತಬೇಡ ಅನ್ನುವುದೂ ಇವಳೇ. ನಿನ್ನೆಯದಕ್ಕಿಂತ ಇವತ್ತಿನದೇ ಹೊಸ ಮಾತು, ಹೊಸದೇ ಸರಿ ಇರಬೇಕು ಎಂದುಕೊಂಡ.

ಅದರ ಮರುದಿನ ಕ್ಯಾಮೆರಾವನ್ನೂ ಲೆನ್ಸನ್ನೂ ಬಿದಿರುಬುಟ್ಟಿಯಲ್ಲಿ ಬಾಯಿ ತೆರೆದಿಟ್ಟು, ತಲೆಯ ಮೇಲೆ ಹೊತ್ತು, ಗಾಳಿಯಾಡಿಸುತ್ತ ಹೊರಟ. ಕೇಳಿದ ತಕ್ಷಣ ಕೈಗೆ ಕೊಟ್ಟ. ಆದರೆ ಕಲ್ಲುಕ್ವಾರಿಯ ಕಡೆಯ ಗಾಳಿ ಬೀಸಿ ಕ್ಯಾಮೆರಾದ ಸಂದುಸಂದಿನಲ್ಲೂ ಬಿಳೀ ಧೂಳು ಕೂತಿತ್ತು. ಶಾಹಿದಾ ಈ ಸಲ ಜೋರಾಗಿ ಬೈಯಲಿಲ್ಲ. ಕುಂಚದಿಂದ ಧೂಳು ಒರೆಸುತ್ತ, "ಕೇಳು ಓಬಳೇಶ. ಒಂದು ಸಲ ಒಳಗಿಟ್ಟು ಮುಚ್ಚಿದ ಮೇಲೆ ಮುಗೀತು. ನಾನು ತೆಗಿ ಅನ್ನೋವರೆಗೂ ತೆಗೀಬಾರದು. ಒಂದು ಕಣ ಧೂಳು ಹೊಕ್ಕರೂ ಒಳಗಿರೋದು ಹಾಳು" ಎಂದಳು.

ಅತ್ತ ಮರಿ ಗೂಡಿನ ಅಂಚಿಗೆ ಬಂದು ರೆಕ್ಕೆ ಬಡಿಯತೊಡಗಿತ್ತು. ಇವತ್ತೋ ನಾಳೆಯೋ ಹಾರುವಂತಿತ್ತು. ಗೋಣಿಯೂ ಬೇಡ, ಬುಟ್ಟಿಯೂ ಬೇಡ, ಬೆಟ್ಟ ಹತ್ತುವವರು ಬೆನ್ನಿಗೆ ಹಾಕುವ ಚೀಲವೇ ಬೇಕು ಎಂದು ಶಾಹಿದಾ ನಿರ್ಧರಿಸಿದಳು. ಹೊರುವವನ ಬೆನ್ನಿಗೆ ಒಪ್ಪಬೇಕಾದ್ದರಿಂದ ಓಬಳೇಶನನ್ನೇ ಪೇಟೆಗೆ ಕಳಿಸಿದಳು. ಭಾರ ಹೆಗಲಿಗೆ ಜಗ್ಗಬಾರದು, ಸೊಂಟದ ಮೇಲೆ ಕೂರಬೇಕು. ಕ್ಯಾಮೆರಾವನ್ನು ಪೇಟೆಗೆ ಒಯ್ಯಬೇಡ, ಅಷ್ಟೇ ತೂಕ ತುಂಬಿ ನಡೆದು ನೋಡಿ ತಗೋ. ಬೆಳಗ್ಗೆ ಚೀಲ ತುಂಬಿಕೊಂಡು ಬೆಟ್ಟದ ಬುಡಕ್ಕೆ ಬಾ ಎಂದು ಹೇಳಿದಳು.

ಅಷ್ಟೇ ತೂಕ ಎಂದರೆ ಓಬಳೇಶನಿಗೆ ಗೊತ್ತು. ಸಂತೆಯಲ್ಲಿ ತೂಕದ ಬಟ್ಟು ಕಳೆದುಹೋದರೆ ಅವ್ವ ತಕ್ಕಡಿಯ ಒಂದು ಕಡೆ ಹಣ್ಣಿಟ್ಟು ಇನ್ನೊಂದು ಕಡೆ ಸಮನಾದ ಕಲ್ಲಿಡುತ್ತಿದ್ದಳು. ಆಮೇಲೆ ಆ ಕಲ್ಲಿಗೇ ಬೆಲೆ, ಅದರ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ. ಹಾಗೆಯೇ ಕ್ಯಾಮೆರಾಕ್ಕೊಂದು ಕಲ್ಲು, ಲೆನ್ಸಿಗೊಂದು ಕಲ್ಲು, ರಿಪೇರಿಯಾಗಿ ಬಂದಿದ್ದ ಸ್ಟ್ಯಾಂಡಿಗೊಂದು ಕಲ್ಲು ತೂಗಿ ಆರಿಸಿದ. ಕ್ಯಾಮೆರಾ ಸಾಮಾನನ್ನು ಅವ್ವನ ಟ್ರಂಕಿನಲ್ಲಿಟ್ಟು ಕಲ್ಲು ಹೊತ್ತು ಪೇಟೆಗೆ ಹೋದ.

ಅಂಗಡಿಯವನು ಎಷ್ಟು ಲೀಟರಿನ ಚೀಲ ಬೇಕು ಎಂದು ಕೇಳಿದ.

"ನೀರು ತುಂಬೋಕಲ್ಲ ಸ್ವಾಮಿ, ಕ್ಯಾಮೆರಾಕ್ಕೆ."

"ಚೀಲ ಅಳೆಯೋದೇ ಲೀಟರಲ್ಲಪ್ಪ."

ಬಟ್ಟೆಯ ಚೀಲವನ್ನು ಹಾಲಿನ ಹಾಗೆ ಅಳೆಯುವವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲವೆಂದು ಓಬಳೇಶ ಒಂದೊಂದೇ ಚೀಲಕ್ಕೆ ಕಲ್ಲು ತುಂಬಿ ಹೊತ್ತು ನೋಡತೊಡಗಿದ. ಒಂದು ಚೀಲ ಹೆಗಲು ಕೊಯ್ಯಿತು, ಇನ್ನೊಂದು ಬೆನ್ನಿಗಿಂತ ಉದ್ದವಾಗಿ ಕುಂಡೆಗೆ ಬಡಿಯಿತು. ಮತ್ತೊಂದಕ್ಕೆ ಅಗಲವಾದ ಸೊಂಟಪಟ್ಟಿ, ಒಳಗೆ ಮೆತ್ತನೆಯ ಅಡ್ಡಗೋಡೆ. ಒಂದೊಂದು ಮನೆಗೆ ಒಂದೊಂದು ಕಲ್ಲಿಟ್ಟು ಜಿಪ್ಪು ಎಳೆದು ಅಂಗಡಿಯ ಮುಂದೆ ನಡೆದ. ಭಾರ ಸೊಂಟದ ಮೇಲೆ ಕೂತಿತು. ಕಲ್ಲು ಕಿಮಕ್ ಎನ್ನಲಿಲ್ಲ. ಅದನ್ನೇ ತಂದ.

ಬೆಳಗ್ಗೆ ಶಾಹಿದಾ ಚೀಲವನ್ನು ಸುತ್ತಲೂ ಒತ್ತಿ ನೋಡಿದಳು. ಬಿಗಿಯಾಗಿದೆ, ಅಲುಗುತ್ತಿಲ್ಲ, ಜಿಪ್ಪು ಮುಚ್ಚಿದೆ. ಚೀಲ ಆರಿಸುವುದೆಂದರೆ ಹೀಗೆ ಎಂದು ಬೆನ್ನು ತಟ್ಟಿದಳು. ಓಬಳೇಶ ಹಿಗ್ಗಿ ಎಲ್ಲೂ ಎಡವದೆ ಹತ್ತಿದ.

ಮೇಲೆ ಹೋಗುವಷ್ಟರಲ್ಲಿ ಮರಿ ಅಂಚಿನಲ್ಲಿ ರೆಕ್ಕೆ ಬಿಚ್ಚಿ ನಿಂತಿತ್ತು. ತೆಗಿ, ಬೇಗ ತೆಗಿ ಎಂದಳು ಶಾಹಿದಾ. ಓಬಳೇಶ ತೆಗೆದ.

"ಇದು ಕ್ಯಾಮೆರಾದ್ದು ಅಕ್ಕ, ಇದು ಲೆನ್ಸಿಂದು, ಇದು ಸ್ಟ್ಯಾಂಡಿಂದು. ಒಂದು ಚೂರೂ ವ್ಯತ್ಯಾಸವಿಲ್ಲ."

ಶಾಹಿದಾ ಕಲ್ಲುಗಳನ್ನು ನೋಡಿದಳು, ಅವನನ್ನು ನೋಡಿದಳು. ನಿಜವಾದದ್ದನ್ನು ಯಾಕೆ ತುಂಬಲಿಲ್ಲ ಎಂದು ಕೇಳಿದಳು. ಅಂಗಡಿಯಲ್ಲಿ ಮುಚ್ಚಿದ ಮೇಲೆ ತೆಗಿ ಅಂತ ನೀನು ಹೇಳಲೇ ಇಲ್ಲವಲ್ಲ ಅಕ್ಕ ಎಂದ. ಅವಳು ಮೊಬೈಲು ಎತ್ತಿದಳು. ಅದರಲ್ಲಿ ಮರಿ ಎಳ್ಳಿನಷ್ಟು ಕಂಡಿತು. ಮೊಬೈಲು ಕೆಳಗಿಟ್ಟು ಕೂತುಬಿಟ್ಟಳು.

"ಬಾ, ಕೂತು ನೋಡು. ಇವತ್ತು ಮನೆಗೆ ಒಯ್ಯೋಕೆ ನಮ್ಮ ಹತ್ರ ಕಣ್ಣೊಂದೇ ಇರೋದು. ಚೆನ್ನಾಗಿ ಇಟ್ಟುಕೋ."

ಮರಿ ಕಲ್ಲಿನಂತೆ ಕೆಳಕ್ಕೆ ಬಿತ್ತು, ಗಾಳಿ ಸಿಕ್ಕಿತು, ಎದ್ದಿತು, ಬೆಟ್ಟ ಬಳಸಿ ಹೋಯಿತು. ಅದರ ಕೊನೆಯ ಗರಿ ಮರೆಯಾಗುವವರೆಗೂ ಓಬಳೇಶ ರೆಪ್ಪೆ ಬಡಿಯಲಿಲ್ಲ. ಆಮೇಲೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ.

ಪಾಪ, ಅಳುತ್ತಿದ್ದಾನೆ ಎಂದುಕೊಂಡ ಶಾಹಿದಾ ತನ್ನ ಊರುಗೋಲಿನ ತುದಿ ಅವನ ಕೈಗೆ ಕೊಟ್ಟು, ಬೆಟ್ಟ ಇಳಿಸಿ ಮನೆಗೆ ಕರೆತಂದಳು. ಟ್ರಂಕಿನಿಂದ ತನ್ನ ಸಾಮಾನು ತೆಗೆದುಕೊಂಡಳು. ಕೆಂಚಮ್ಮ ನೆಲ ನೋಡುತ್ತ ನಿಂತಿದ್ದಳು.

"ಕಲ್ಲನ್ನೇ ಇಷ್ಟು ಜೋಪಾನವಾಗಿ ಹೊತ್ತವನು ನನ್ನ ಲೆನ್ಸು ಒಡೆಯೋದಿಲ್ಲ ಕೆಂಚಮ್ಮ. ತುಂಬೋದು ಇನ್ನು ನಾನು, ಹೊರೋದು ಅವನು. ಬರೋ ತಿಂಗಳು ಪಾವಗಡದ ಕಡೆ ಹೋಗೋದಿದೆ, ಬಂದು ಕರ್ಕೊಂಡು ಹೋಗ್ತೀನಿ" ಎಂದು ಹೇಳಿ ಶಾಹಿದಾ ಬಸ್ಸು ಹತ್ತಿದಳು.

ಕೆಂಚಮ್ಮ ಸಂತೋಷದಿಂದ ಮಗನ ಕಡೆ ತಿರುಗಿದಳು. ಅವನು ಇನ್ನೂ ಕಣ್ಣು ಮುಚ್ಚಿಕೊಂಡೇ ನಿಂತಿದ್ದ. ಕಣ್ಣಿಗೇನಾಯಿತೋ ಎಂದು ಗಾಬರಿಯಾದಳು.

"ಏನೂ ಆಗಿಲ್ಲವ್ವ. ಒಳಗೆ ಹಕ್ಕಿ ಇದೆ. ಅಕ್ಕ ತೆಗಿ ಅನ್ನೋವರೆಗೂ ತೆಗೀಬಾರದು."

"ಅಯ್ಯೋ ಮಂಕೇ, ಅಕ್ಕ ಬರೋದು ಬರೋ ತಿಂಗಳು ಕಣೋ!"

ಕೆಂಚಮ್ಮ ಅವನ ರೆಪ್ಪೆ ಹಿಡಿದು ಬಿಡಿಸಲು ಹೋದಳು. ಓಬಳೇಶ ಮುಖ ತಿರುಗಿಸಿಕೊಂಡ.

"ಬೇಡವ್ವ, ಧೂಳು ಹೊಕ್ಕೀತು."