ಹುದ್ದೆ ಹಿಡಿಸುವ ಹಲಗೆ

ಸರ್ಫಿಂಗ್‌ನಲ್ಲಿ ಸಣ್ಣ ಹಲಗೆ ಗಟ್ಟಿಗರಿಗೆ, ದೊಡ್ಡ ಹಲಗೆ ಪುಕ್ಕಲರಿಗೆ ಎಂದು ಆಗ ನಮ್ಮ ಕಡಲತೀರದಲ್ಲಿ ಎಲ್ಲರೂ ನಂಬಿದ್ದರು. ಪ್ರವಾಸೋದ್ಯಮ ಇಲಾಖೆಯ ಅಪರ ನಿರ್ದೇಶಕರಾದ ಡಾ. ಚನ್ನಮಲ್ಲಿಕಾರ್ಜುನಯ್ಯನವರೂ ನಂಬಿದ್ದರು. ಅದುವರೆಗೆ ಅವರು ಸಮುದ್ರಕ್ಕೆ ಇಳಿದದ್ದು ಮೊಣಕಾಲಿನ ಮಟ್ಟಕ್ಕೆ ಮಾತ್ರ.

ಸರ್ಫ್ ಶಾಲೆಯಲ್ಲಿ ಹಲಗೆ ಕೊಡುವ ಹೆಂಗಸಿನ ಮುಂದೆ ನಿಂತು ಅವರು ಗೋಡೆಗೆ ತೂಗುಹಾಕಿದ್ದ, ಅದೇ ಶಾಲೆಯಲ್ಲಿ ಕಲಿತ ಚಾಂಪಿಯನ್‌ನ ಹಲಗೆಯತ್ತ ಬೆರಳು ತೋರಿದರು.

"ಆ ಚಾಂಪಿಯನ್‌ನ ಸಣ್ಣ ಹಲಗೆ ಕೊಡಮ್ಮ. ಪೇಪರಿನವರು ಫೋಟೊಕ್ಕೆ ಕಾಯ್ತಿದ್ದಾರೆ."

ಹೋದ ವಾರ ಅಂಥದೇ ಹಲಗೆ ಹೊಸಬನೊಬ್ಬನ ಮುಂದಿನ ಹಲ್ಲು ಉದುರಿಸಿತ್ತು. ಇವತ್ತು ಅಲೆ ಇನ್ನೂ ಜೋರಾಗಿತ್ತು. ಕೊಟ್ಟರೆ ಇವರ ಜೀವಕ್ಕೆ ಅಪಾಯ, ಕೊಡದಿದ್ದರೆ ಶಾಲೆಯ ಪರವಾನಗಿಗೆ. ಅದಕ್ಕೆ ಸಹಿ ಹಾಕುವವರು ಇವರೇ.

"ಹಲಗೆ ಮೇಲೆ ನಿಮ್ಮ ಹೆಸರು ಬರೆಯೋದು ಬೇಡ್ವಾ ಸಾರ್? ಫೋಟೊದಲ್ಲಿ ಯಾರು ಅಂತ ಗೊತ್ತಾಗ್ಬೇಕಲ್ಲ."

"ಬರಿ, ಬರಿ. ಹುದ್ದೆ ಸಮೇತ."

ಅವಳು ಮಾರ್ಕರ್ ಹಿಡಿದು ಆ ಸಣ್ಣ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯತೊಡಗಿದಳು. 'ಡಾ. ಚನ್ನಮಲ್ಲಿ' ಎನ್ನುವಷ್ಟರಲ್ಲಿ ಹಲಗೆ ಮುಗಿಯಿತು.

"ಚನ್ನಮಲ್ಲಿ ಯಾರಮ್ಮ? ನನ್ನ ಹುದ್ದೆ ಎಲ್ಲಿ?"

"ಹಿಡಿಸ್ತಿಲ್ಲ ಸಾರ್. ಹುದ್ದೆ ದೊಡ್ಡದು."

ಮೂಲೆಯಲ್ಲಿದ್ದ ಒಂಬತ್ತಡಿ ಹಲಗೆಯತ್ತ ಅವಳು ನೋಡಲಿಲ್ಲ. ಅವರೇ ನೋಡಿದರು.

"ಅದರ ಮೇಲೆ ಬರಿ."

ಅವರು ನೀರಿನಲ್ಲಿದ್ದಷ್ಟು ಹೊತ್ತೂ ಅವಳು ದಡದಲ್ಲಿ ನಿಂತು ಅವರನ್ನೇ ನೋಡುತ್ತಿದ್ದಳು. ಕೊನೆಗೆ ಅಗಲವಾದ ಆ ಹಲಗೆ ಸಾಹೇಬರನ್ನು ಹೊತ್ತು ಮೆಲ್ಲಗೆ ದಡಕ್ಕೆ ತಂದಿತು. ಹಲ್ಲುಗಳೆಲ್ಲ ಇದ್ದವು. ಅವರು ನಗುತ್ತಿದ್ದುದರಿಂದ ಅದು ಕಾಣುತ್ತಿತ್ತು.

"ಪುಕ್ಕಲರ ಹಲಗೆಯ ಮೇಲೂ ಎದ್ದು ನಿಂತು ತೋರಿಸಿದೆ ನೋಡು! ನಿಮ್ಮ ಚಾಂಪಿಯನ್ ಇದನ್ನು ಮುಟ್ಟಿಯೂ ಇರಲಿಕ್ಕಿಲ್ಲ."

ಚಾಂಪಿಯನ್ ಮೊದಲ ಸಲ ಎದ್ದು ನಿಂತದ್ದು ಅದೇ ಹಲಗೆಯ ಮೇಲೆ.