ಬಾಯಲ್ಲಿದ್ದ ತುಳಸಿ ಎಲೆ

ನದಿಯ ದಂಡೆಯ ಮೇಲೊಂದು ಆಶ್ರಮ. ಮುಂದೆ ಕಲ್ಲಿನ ಮೆಟ್ಟಿಲು, ಮೆಟ್ಟಿಲಿಳಿದರೆ ಮರಳದಿಣ್ಣೆ, ಅದನ್ನು ದಾಟಿದರೆ ಪೇಟೆಯ ದಾರಿ.

ಮೆಟ್ಟಿಲ ಮೇಲ್ತುದಿಗೆ, ಅಂಗಳದಾಚೆ ಗುರುಗಳ ಕೋಣೆ. ಅದರ ಒಂದೇ ಕಿಟಕಿ ಮೆಟ್ಟಿಲು, ಮರಳದಿಣ್ಣೆಗಳ ಕಡೆಗಿತ್ತು. ಗುರುಗಳಿಗೆ ಮೊಣಕಾಲು ನೋವು. ಅವರು ಮೆಟ್ಟಿಲಿಳಿದು ಎಷ್ಟೋ ವರ್ಷಗಳಾಗಿದ್ದವು.

ಗುರುವಾರ ಅಲ್ಲಿ ಮೌನದ ದಿನ. ಬೆಳಗ್ಗೆ ಗುರುಗಳು ಒಬ್ಬೊಬ್ಬರ ಅಂಗೈಗೂ ಒಂದು ತುಳಸಿ ಎಲೆ ಹಾಕುವರು. ಅದನ್ನು ನಾಲಿಗೆಯ ಮೇಲಿಟ್ಟುಕೊಂಡರೆ ಸೂರ್ಯ ಮುಳುಗುವ ತನಕ ಮಾತಿಲ್ಲ. ಊಟದ ಹೊತ್ತಿಗೆ ಎಲೆಯನ್ನು ಕೆನ್ನೆಯ ಸಂದಿಗೆ ಸರಿಸಿಕೊಳ್ಳುವರು. ಸಂಜೆ ನದಿಗೆ ಬಿಡುವರು.

ಹಿರಿಯ ಶಿಷ್ಯ ಚೆನ್ನಿಗಪ್ಪ. ಮೀಸೆ ಮೂಡುವ ಮೊದಲು ಬಂದವನ ತಲೆ ಈಗ ನರೆತಿತ್ತು. ಒಂದು ಗುರುವಾರವೂ ಅವನ ಎಲೆ ಜಾರಿರಲಿಲ್ಲ. ಇದನ್ನು ಅವನಾಗಿ ಯಾರಿಗೂ ಹೇಳಿಕೊಂಡವನಲ್ಲ. ಎಲ್ಲರಿಗೂ ಗೊತ್ತಿರುವ ಹಾಗೆ ಮಾತ್ರ ನೋಡಿಕೊಂಡಿದ್ದ.

ಆ ವರ್ಷ ಆಳುವವರು ಚುನಾವಣೆಯನ್ನು ಮುಂದಕ್ಕೆ ಹಾಕಿದರು. ಯಾಕೆಂದು ಕೇಳಿದವರು ಜೈಲು ಸೇರಿದರು. ಪೇಟೆಯಲ್ಲಿ ಜನ ಗುಂಪು ಕೂಡಬಾರದು, ಮೈಕು ಹಿಡಿಯಬಾರದು ಎಂದು ಆಜ್ಞೆಯಾಯಿತು. ದೊಡ್ಡವರು ಅಂಗಡಿ ತೆರೆದರು, ಅಂಗಡಿ ಮುಚ್ಚಿದರು, ಮನೆಗೆ ಹೋಗಿ ಮಲಗಿದರು. ಕಾಲೇಜಿನ ಮಕ್ಕಳಿಗೆ ಮಾತ್ರ ನಿದ್ದೆ ಬರಲಿಲ್ಲ.

ಒಂದು ಬುಧವಾರ ಚೆನ್ನಿಗಪ್ಪನ ತಂಗಿಯ ಮಗಳು ಇಂಚರ ಆಶ್ರಮಕ್ಕೆ ಬಂದಳು.

"ಮಾವ, ನಾಳೆ ನಾವೆಲ್ಲ ಕೆಳಗೆ ಮರಳ ಮೇಲೆ ಕೂತ್ಕೋತೀವಿ. ಬಾಯಿಗೆ ಬಟ್ಟೆ ಕಟ್ಕೊಂಡು. ಕೂಗಲ್ಲ, ಭಾಷಣ ಇಲ್ಲ. ಚುನಾವಣೆ ನಡೆಸಿ ಅಂತ ಒಂದು ಬೋರ್ಡು, ಅಷ್ಟೇ."

"ಅದಕ್ಕೆ ನಾನೇನು ಮಾಡ್ಲಿ?"

"ನೀವೂ ಬಂದು ಕೂತ್ಕೊಳ್ಳಿ. ಹೆಂಗಿದ್ರೂ ನಾಳೆ ನಿಮಗೂ ಮೌನ. ಕಾವಿ ಉಟ್ಟೋರು ಒಬ್ರು ಜೊತೇಲಿದ್ರೆ ಪೊಲೀಸಿನೋರು ಲಾಠಿ ಎತ್ತೋಕೆ ಮುಂಚೆ ಒಂದ್ಸಲ ಯೋಚ್ನೆ ಮಾಡ್ತಾರೆ."

ಚೆನ್ನಿಗಪ್ಪನಿಗೆ ರೇಗಿತು.

"ಧ್ಯಾನಕ್ಕೆ ಕೂರೋದೂ ಧರಣಿಗೆ ಕೂರೋದೂ ಒಂದೇ ಏನೇ? ನಿಮಗೆ ತಾಳ್ಮೆ ಅನ್ನೋದೇ ಇಲ್ಲ. ನಿಮ್ಮ ವಯಸ್ಸಲ್ಲಿ ನಾವು ದೊಡ್ಡೋರ ಮುಂದೆ ಬಾಯಿ ತೆಗೀತಿರಲಿಲ್ಲ."

"ಗೊತ್ತು ಮಾವ. ಅದಕ್ಕೇ ಈಗ ನಾವು ಬಟ್ಟೆ ಕಟ್ಕೊಂಡು ಕೂರೋ ಹಂಗಾಗಿದೆ."

ಅವಳು ಕೈ ಮುಗಿದು ಹೊರಟುಹೋದಳು.

ಚೆನ್ನಿಗಪ್ಪ ಗುರುಗಳ ಬಳಿ ಹೋಗಿ ಗೊಣಗಿದ. "ಕಾಲ ಕೆಟ್ಟೋಯ್ತು ಗುರುಗಳೇ."

"ಯಾರು ಕೆಡಿಸಿದ್ರಪ್ಪಾ?" ಎಂದರು ಗುರುಗಳು. "ಈ ಮಕ್ಕಳು ಹುಟ್ಟಿದ್ದೇ ಮೊನ್ನೆ."

ಮರುದಿನ ಗುರುಗಳು ಎಲೆ ಹಂಚಿದರು. ಉಳಿದ ಶಿಷ್ಯರು ಆಶ್ರಮದ ಹಿಂದಿನ ಹೊಲಕ್ಕೆ ಹೋದರು. ಚೆನ್ನಿಗಪ್ಪ ಪೂಜೆಯ ಪಾತ್ರೆ ಬೆಳಗಲು ಕೊನೆಯ ಮೆಟ್ಟಿಲಿಗೆ ಇಳಿದ.

ಮಕ್ಕಳು ಬಂದು ಮರಳ ಮೇಲೆ ಸಾಲಾಗಿ ಕೂತರು. ಕೆಮ್ಮು ಕೂಡ ಇಲ್ಲ. ಬಿಸಿಲೇರಿದರೂ ಒಬ್ಬರೂ ಅಲುಗಲಿಲ್ಲ. ಅವರ ಮೌನ ಕಂಡು ಚೆನ್ನಿಗಪ್ಪನಿಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು.

ಆಮೇಲೆ ಜೀಪುಗಳು ಬಂದವು.

ಲಾಠಿ ಬೀಸಿದಾಗ ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ತಿರುಗಿ ಯಾರೂ ಕೈ ಎತ್ತಲಿಲ್ಲ. ಇಂಚರಳನ್ನು ಜಡೆ ಹಿಡಿದು ಎಳೆದರು. ಬಾಯಿಯ ಬಟ್ಟೆ ಬಿಚ್ಚದೆಯೇ ಅವಳು ಮಾವನ ಕಡೆ ನೋಡಿದಳು. ಮಾವ ಕೈಯಲ್ಲಿದ್ದ ತಂಬಿಗೆಯನ್ನು ನೋಡಿದ.

ಆ ಗದ್ದಲದಲ್ಲಿ ಪೇದೆಯೊಬ್ಬ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದ. ಹಣೆ ಒಡೆಯಿತು. ಬಿದ್ದದ್ದು ಚೆನ್ನಿಗಪ್ಪನ ಕಣ್ಣೆದುರಿಗೇ.

ಇನ್ಸ್‌ಪೆಕ್ಟರು ಹತ್ತಿರ ಬಂದ.

"ಸ್ವಾಮಿ, ಈ ಹುಡುಗ್ರು ಕಲ್ಲು ತೂರಿದ್ರು. ನಮ್ಮ ಪೇದೆ ಹಣೆ ನೋಡಿ. ಕಲ್ಲೇಟು ತಾನೆ?"

ಚೆನ್ನಿಗಪ್ಪ ಸುಮ್ಮನೆ ನಿಂತ.

"ಇವತ್ತು ನಿಮಗೆ ಮೌನ ಅಂತ ಗೊತ್ತು. ಅಲ್ಲ ಅನ್ನೋದಾದ್ರೆ ತಲೆ ಅಲ್ಲಾಡ್ಸಿ, ಸಾಕು."

ತಲೆ ಅಲ್ಲಾಡಿಸಿದರೆ ಎಲೆ ಜಾರುತ್ತಿರಲಿಲ್ಲ. ಚೆನ್ನಿಗಪ್ಪನಿಗೂ ಅದು ಗೊತ್ತಿತ್ತು. ಆದರೆ ಜೀಪುಗಳಿದ್ದವು, ಲಾಠಿಗಳಿದ್ದವು. ನಾಳೆ ಆಶ್ರಮಕ್ಕೂ ಬಂದರೆ ಎಂಬ ಭಯವಿತ್ತು. ಕತ್ತು ಕಲ್ಲಾಗಿ ನಿಂತಿತು.

ಇನ್ಸ್‌ಪೆಕ್ಟರು ನಕ್ಕ. "ಮೌನಂ ಸಮ್ಮತಿ ಲಕ್ಷಣಂ ಅಂತ ದೊಡ್ಡೋರೇ ಹೇಳಿದ್ದಾರಲ್ಲ."

ಮಕ್ಕಳನ್ನು ವ್ಯಾನಿಗೆ ತುಂಬಿಕೊಂಡು ಹೋದರು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಚೆನ್ನಿಗಪ್ಪ ಉಂಡ. ಗುರುಗಳ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯಿತು. ಸಂಜೆ ಚೆನ್ನಿಗಪ್ಪ ಎಲೆಯನ್ನು ನದಿಗೆ ಬಿಟ್ಟು, ಎಂದಿನಂತೆ ಕೈ ಮುಗಿದ.

ಬೆಳಗಾದ ಮೇಲೆ ಅವನು ಗುರುಗಳ ಕೋಣೆಗೆ ಹೋದ. ಗುರುಗಳು ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು. ಎಂದೂ ಹಾಗೆ ಕೂರುವವರಲ್ಲ.

"ನಿನ್ನೆ ದೊಡ್ಡ ಪರೀಕ್ಷೆ ಆಯ್ತು ಗುರುಗಳೇ. ಅಷ್ಟಾದ್ರೂ ಎಲೆ ಜಾರಲಿಲ್ಲ," ಎಂದ ಚೆನ್ನಿಗಪ್ಪ. ಇನ್ಸ್‌ಪೆಕ್ಟರು ಕೇಳಿದ್ದನ್ನೂ, ತಾನು ನಿಂತ ಬಗೆಯನ್ನೂ ಹೇಳಿದ.

ಗುರುಗಳು ಕೇಳಿದರು:

"ನಿನ್ನೆ ಮಧ್ಯಾಹ್ನ ಎರಡನೇ ಸಲ ಸಾರು ತಂದಾಗ ಏನು ಮಾಡಿದೆ?"

ಚೆನ್ನಿಗಪ್ಪನಿಗೆ ಪ್ರಶ್ನೆ ತಿಳಿಯಲಿಲ್ಲ. "ಬೇಡ ಅಂತ ಕೈ ಅಡ್ಡ ಹಿಡಿದೆ."

"ಹೂಂ," ಎಂದರು ಗುರುಗಳು.

ಅಷ್ಟೇ. ಚೆನ್ನಿಗಪ್ಪ ಬಾಗಿಲವರೆಗೆ ಹೋದ. ಅಲ್ಲಿ ಅವನಿಗೆ ಅರ್ಥವಾಯಿತು. ಸಾರು ಬೇಡ ಎನ್ನಲು ಎದ್ದ ಕೈ, ಕಲ್ಲೇಟಲ್ಲ ಎನ್ನಲು ಎದ್ದಿರಲಿಲ್ಲ. ತಿರುಗಿ ಗುರುಗಳ ಮುಖ ನೋಡುವ ಧೈರ್ಯ ಬರಲಿಲ್ಲ.

ಅದೇ ದಿನ ತಂಗಿ ಸರ್ವಮಂಗಳ ಬಂದಳು. ಅತ್ತು ಅತ್ತು ಮುಖ ಊದಿತ್ತು.

"ಅಣ್ಣಯ್ಯ, ಹೋಗ್ಬೇಡ ಅಂತ ನಾನೂ ಅವಳಿಗೆ ಬೈದಿದ್ದೆ. ಮಾತು ಕೇಳಲಿಲ್ಲ. ಆದ್ರೆ ನಿಜ ಹೇಳು. ನನ್ನ ಮಗಳು ಕಲ್ಲು ತೂರಿದ್ಲಾ?"

"ಇಲ್ಲಮ್ಮ. ಯಾರೂ ತೂರಲಿಲ್ಲ. ಆ ಪೇದೆ ಜಾರಿ ಬಿದ್ದ."

"ಮತ್ತೆ ಆಶ್ರಮದ ದೊಡ್ಡ ಸ್ವಾಮಿಗಳೇ ಅಲ್ಲ ಅನ್ನಲಿಲ್ಲ ಅಂತ ಪೊಲೀಸಿನೋರು ಬರೆದವ್ರಂತೆ? ಅದ್ಕೇ ಜಾಮೀನು ಕೊಡ್ತಿಲ್ಲವಂತೆ?"

"ನಿನ್ನೆ ಗುರುವಾರ ಆಗಿತ್ತು ಮಂಗಳ."

ಅವಳು ಅಣ್ಣನನ್ನು ದಿಟ್ಟಿಸಿ ನೋಡಿದಳು.

"ಇವತ್ತು ಯಾವ ವಾರ ಅಣ್ಣಯ್ಯ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಮಜ್ಜಿಗೆ ತಂದುಕೊಟ್ಟರೆ ಮುಟ್ಟದೆ ಹೋದಳು.

ಚೆನ್ನಿಗಪ್ಪ ಆ ಗಳಿಗೆಯಲ್ಲೇ ಪೇಟೆಗೆ ಹೊರಡಬಹುದಿತ್ತು. ಹೊರಡಲಿಲ್ಲ. ದಿನಕ್ಕೊಂದು ನೆಪ ಸಿಕ್ಕಿತು. ಹೆದರಿದವನಿಗೆ ನೆಪಗಳಿಗೇನು ಬರ.

ಕೊನೆಗೆ ವಿಚಾರಣೆಯ ದಿನ ಗೊತ್ತಾಯಿತು. ಬರುವ ಗುರುವಾರ.

ಅವನು ಗುರುಗಳ ಮುಂದೆ ಕುಕ್ಕರಿಸಿದ.

"ಹೋಗಿ ನಿಜ ಹೇಳಿದ್ರೆ ವ್ರತ ಮುರಿಯುತ್ತೆ. ಹೋಗದೇ ಇದ್ರೆ ಹುಡುಗಿ ಅಲ್ಲೇ ಇರ್ತಾಳೆ. ನೀವೇ ದಾರಿ ತೋರಿಸಿ ಗುರುಗಳೇ."

"ದಾರಿ ಕೇಳ್ತಿದ್ದೀಯೋ," ಎಂದರು ಗುರುಗಳು, "ಹೊರೆ ಇಳಿಸೋಕೆ ನನ್ನ ಹೆಗಲು ಹುಡುಕ್ತಿದ್ದೀಯೋ?"

ಗುರುವಾರ ಬಂತು. ಇವತ್ತು ಗುರುಗಳು ತನಗೆ ಎಲೆ ಕೊಡುವುದಿಲ್ಲ, ಆಗ ಗುರುವಿನ ಅಪ್ಪಣೆಯಾಯಿತೆಂದು ಹೋಗಬಹುದು ಎಂದು ಚೆನ್ನಿಗಪ್ಪ ಆಸೆಪಟ್ಟಿದ್ದ. ಗುರುಗಳು ಎಲ್ಲರಿಗೂ ಹಾಕಿದಂತೆ ಅವನ ಅಂಗೈಗೂ ಒಂದು ಎಲೆ ಹಾಕಿದರು. ತಾವೂ ಒಂದನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು.

ಅವನು ಎಲೆಯನ್ನು ನೋಡುತ್ತಾ ನಿಂತ. ಕೊನೆಗೆ ಮುಷ್ಟಿ ಮುಚ್ಚಿದ. ಮೆಟ್ಟಿಲಿಳಿದು, ಮರಳದಿಣ್ಣೆ ದಾಟಿ ಪೇಟೆಗೆ ನಡೆದ.

ನ್ಯಾಯಾಲಯದಲ್ಲಿ ಅವನು ಕಂಡದ್ದನ್ನು ಕಂಡಂತೆ ಹೇಳಿದ.

ಸರ್ಕಾರಿ ವಕೀಲರು ಎದ್ದರು.

"ಸ್ವಾಮಿಗಳೇ, ಅವತ್ತು ಕೇಳಿದಾಗ ಯಾಕೆ ಹೇಳಲಿಲ್ಲ?"

"ಮೌನವ್ರತ ಇತ್ತು."

"ಅವತ್ತು ಯಾವ ವಾರ?"

"ಗುರುವಾರ."

"ಇವತ್ತು?"

ಚೆನ್ನಿಗಪ್ಪ ತಲೆ ತಗ್ಗಿಸಿ ಏನೋ ಗೊಣಗಿದ.

"ಕೇಳಿಸಲಿಲ್ಲ, ಸ್ವಲ್ಪ ಜೋರಾಗಿ ಹೇಳಿ."

"ಗುರುವಾರ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಭೂಮಿ ಬಾಯಿಬಿಡಬಾರದೇ ಎನಿಸಿತು ಅವನಿಗೆ.

"ಬೇಕಾದಾಗ ವ್ರತ, ಬೇಡವಾದಾಗ ಮಾತು," ಎಂದರು ವಕೀಲರು. "ಸಾಲದ್ದಕ್ಕೆ ಹುಡುಗಿಗೆ ಸೋದರಮಾವ."

ನ್ಯಾಯಾಧೀಶರು ಕೇಳಿದರು. "ಪೇದೆ ಜಾರಿ ಬಿದ್ದದ್ದನ್ನು ನಿಮ್ಮ ಆಶ್ರಮದಲ್ಲಿ ಬೇರೆ ಯಾರಾದರೂ ನೋಡಿದ್ದಾರೆಯೇ?"

"ಇಲ್ಲ ಸ್ವಾಮಿ. ನಾನೊಬ್ಬನೇ."

"ನಿಮ್ಮ ಒಬ್ಬರ ಮಾತಿನ ಮೇಲೆ ಹೇಗೆ ತೀರ್ಮಾನಿಸಲಿ? ನಾಳೆ ಮಧ್ಯಾಹ್ನದವರೆಗೆ ಬೇರೆ ಸಾಕ್ಷಿ ಬರುತ್ತದೆಯೇ ನೋಡೋಣ."

ಮಕ್ಕಳನ್ನು ಮತ್ತೆ ವ್ಯಾನಿಗೆ ಹತ್ತಿಸಿದರು. ಚೆನ್ನಿಗಪ್ಪ ಓಡಿ ಹೋಗಿ ಜಾಲರಿಯ ಹತ್ತಿರ ನಿಂತ. ಇಂಚರಳ ಹುಬ್ಬಿನ ಮೇಲೆ ಗಾಯ ಕಪ್ಪಗಾಗಿತ್ತು. ಪಕ್ಕದಲ್ಲಿದ್ದ ಹುಡುಗ ಅವನನ್ನು ಕಂಡು ಮುಖ ತಿರುಗಿಸಿದ.

"ಬಂದ್ರಲ್ಲ ಮಾವ," ಎಂದಳು ಅವಳು. "ಅಮ್ಮಂಗೆ ಊಟ ಮಾಡೋಕೆ ಹೇಳಿ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ವ್ಯಾನು ಹೋದ ಮೇಲೆ ರಸ್ತೆಯಲ್ಲೇ ನಿಂತು ಅತ್ತ.

ಆಶ್ರಮ ತಲುಪಿದಾಗ ಸೂರ್ಯ ಇನ್ನೂ ಮುಳುಗಿರಲಿಲ್ಲ. ಗುರುಗಳು ಬಾಯಲ್ಲಿ ಎಲೆಯಿಟ್ಟುಕೊಂಡು ಕಿಟಕಿಗೆ ಬೆನ್ನು ಮಾಡಿಯೇ ಕೂತಿದ್ದರು.

ಚೆನ್ನಿಗಪ್ಪ ಕಾಲಿಗೆ ಬಿದ್ದ. ಮುಷ್ಟಿ ಬಿಚ್ಚಿದ. ಎಲೆ ಬಾಡಿ ಕಪ್ಪಾಗಿ ಅಂಗೈಗೆ ಅಂಟಿತ್ತು.

"ಎಲ್ಲಾ ಹೇಳಿದೆ ಗುರುಗಳೇ. ನಂಬಲಿಲ್ಲ. ನಕ್ಕರು. ಅವತ್ತು ಒಂದು ಸಲ ತಲೆ ಅಲ್ಲಾಡಿಸಿದ್ರೆ ಮುಗೀತಿತ್ತು. ಇವತ್ತು ಬಾಯಿ ತುಂಬ ಮಾತಾಡಿದ್ರೂ ಆಗಲಿಲ್ಲ. ಆ ಮಗು ನನ್ನನ್ನ ಬೈಯಲೂ ಇಲ್ಲ. ನನಗೆ ನಾಚಿಕೆ ಆಗ್ತಿದೆ. ಈ ಬಟ್ಟೆ ಉಡೋಕೆ ನಾಚಿಕೆ ಆಗ್ತಿದೆ."

ಗುರುಗಳ ಕೈ ಅವನ ತಲೆಯ ಮೇಲೆ ಬರಲಿಲ್ಲ.

"ಬೇರೆ ಯಾರಾದ್ರೂ ನೋಡಿದ್ದಾರಾ ಅಂತ ಕೇಳಿದ್ರು. ಯಾರೂ ಇಲ್ಲ, ನಾನೊಬ್ಬನೇ ಅಂದೆ. ಇನ್ನು ನಾಳೆ ಒಂದೇ ದಿನ. ನಾನೇನು ಮಾಡ್ಲಿ ಗುರುಗಳೇ?"

ಗುರುಗಳು ಬಾಯಿಂದ ತುಳಸಿ ಎಲೆಯನ್ನು ತೆಗೆದರು. ಹೊರಗೆ ನದಿಯ ಮೇಲೆ ಬಿಸಿಲು ಇನ್ನೂ ಇತ್ತು. ಎಲೆಯನ್ನು ನೆಲದ ಮೇಲಿಟ್ಟು, ಗೋಡೆ ಹಿಡಿದು ಎದ್ದರು. ಮೂಲೆಯಲ್ಲಿದ್ದ ಊರುಗೋಲು ತೆಗೆದುಕೊಂಡರು.

"ಕೈ ಕೊಡು," ಎಂದರು.

ಚೆನ್ನಿಗಪ್ಪ ಬೆರಗಾಗಿ ಕೈ ಕೊಟ್ಟ. ಇಬ್ಬರೂ ಅಂಗಳ ದಾಟಿದರು. ಮೊದಲ ಮೆಟ್ಟಿಲಿಗೇ ಗುರುಗಳ ಮೊಣಕಾಲು ನಡುಗಿತು.

"ಇಳಿಯೋಕಾಗಲ್ಲ ಗುರುಗಳೇ. ಇಷ್ಟೊತ್ತಲ್ಲಿ ಎಲ್ಲಿಗೆ?"

"ಪೇಟೆಗೆ. ಈಗ ಹೊರಟರೆ ನನ್ನ ಕಾಲಿಗೆ ನಾಳೆ ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತೆ."

"ನೀವು ಯಾಕೆ ಗುರುಗಳೇ? ತಪ್ಪು ನಂದು."

ಗುರುಗಳು ಇನ್ನೊಂದು ಮೆಟ್ಟಿಲಿಳಿದು, ಉಸಿರು ತೆಗೆದುಕೊಂಡು ಹೇಳಿದರು:

"ಅವತ್ತು ನನ್ನ ಕಿಟಕಿ ತೆರೆದೇ ಇತ್ತಪ್ಪಾ."